ಅಜ್ಜನ ಹೆಸರಿನ ಸಲಿಕೆ

ಬಾಯ್ಲರ್ ಅಜ್ಜ ನಿದ್ದೆಯಲ್ಲೇ ತೀರಿಕೊಂಡರೆಂಬ ಸುದ್ದಿ ಸಾಬೂನು ಕಾರ್ಖಾನೆಗೆ ಮುಟ್ಟಿದ್ದು ಬೆಳಗಿನ ಸೈರನ್ನಿನ ಜೊತೆಗೇ. ಅದೇ ಹೊತ್ತಿಗೆ, ಕೆಲಸಗಾರರ ಶ್ರಮ ಅಳೆಯುವ ಮೇಡಂ ಕೂಡ ಬಂದಿಳಿದರು. ಬಾಯ್ಲರಿಗೆ ಕಲ್ಲಿದ್ದಲು ಹಾಕುವುದು ಒಬ್ಬನಿಂದಾಗದು, ಜೊತೆಗೊಬ್ಬನನ್ನು ಕೊಡಿ ಎಂದು ಅಜ್ಜ ವರ್ಷಗಟ್ಟಲೆ ಬೇಡಿದ್ದರು. ಮೈಗೆ ಎಷ್ಟು ಶ್ರಮವಾಗುತ್ತದೋ ಅಳೆಸಿ ನೋಡೋಣ ಎಂದು ಮ್ಯಾನೇಜರು ಕೊನೆಗೂ ಒಪ್ಪಿದಾಗ, ಅಳೆಯಬೇಕಾದ ಮೈಯೇ ಹೊರಟುಹೋಗಿತ್ತು.

ಹೀಗಾಗಿ ಇನ್ನೊಂದು ಪಾಳಿಯಲ್ಲಿ ಕಲ್ಲಿದ್ದಲು ಹಾಕುವ, ಎಲ್ಲರೂ ಕಡ್ಡಿ ಎಂದೇ ಕರೆಯುವ ಸಣಕಲು ಹುಡುಗನ ಎದೆಗೆ ಪಟ್ಟಿ ಬಿಗಿದು, ಮೂತಿಗೆ ಮಾಸ್ಕ್ ಏರಿಸಿದರು. ಅವನ ಎದೆಬಡಿತ, ಉಸಿರು, ಖರ್ಚಾಗುವ ಶಕ್ತಿ ಎಲ್ಲವೂ ಮೇಡಂ ಕೈಯ ಯಂತ್ರದಲ್ಲಿ ಮೂಡುತ್ತಿದ್ದವು. ಮೇಡಂ ಮಾತ್ರ ಧಗೆ ತಾಳದೆ ಬಾಗಿಲಾಚೆ ಕುರ್ಚಿ ಹಾಕಿಸಿಕೊಂಡು ಯಂತ್ರವನ್ನಷ್ಟೇ ನೋಡುತ್ತ ಕೂತರು. ಕಡ್ಡಿ ಅಜ್ಜನ ಸಲಿಕೆಗೆ ಕೈಮುಗಿದ. "ಅಜ್ಜಾ, ಇವತ್ತು ಈ ಯಂತ್ರಕ್ಕೇ ಬೆವರು ಕಿತ್ತುಬರಬೇಕು, ನೋಡ್ತಿರಿ."

ಆದರೆ ಆ ಕಾರ್ಖಾನೆಯಲ್ಲೊಂದು ರೂಢಿ. ಯಾರಾದರೂ ತೀರಿಕೊಂಡರೆ, ಅವರ ಹೆಸರಿನಲ್ಲಿ ಉಳಿದವರೆಲ್ಲ ಬಂದು ಅವರ ಕೆಲಸ ಒಂದಿಷ್ಟು ಮಾಡಿಹೋಗಬೇಕು. ಪ್ಯಾಕಿಂಗ್ ಅಕ್ಕ ಕಣ್ಣೊರೆಸಿಕೊಳ್ಳುತ್ತ ಬಂದೇಬಿಟ್ಟಳು.

"ಕೊಡೋ ಸಲಿಕೆ."

"ಅಕ್ಕಾ, ಇವತ್ತು ಬೇಡ! ನನ್ನ ಮೈ ಅಳೀತಿದಾರೆ."

"ನಿನ್ನ ಮೈಯಲ್ಲಿ ಅಳೆಯೋಕೇನಿದೆ? ಸರಿ ಆಕಡೆ."

ಅವಳ ಹಿಂದೆ ಸಿನಿಮಾ ಟಿಕೆಟ್ಟಿಗೆ ನಿಂತಂತೆ ಸಾಲು. ಕಡ್ಡಿ ಸಲಿಕೆಯನ್ನು ಅವುಚಿಕೊಂಡ. ವೆಲ್ಡರ್ ಮಾವ ಅದನ್ನು ಕಿತ್ತುಕೊಂಡು, "ಸತ್ತವರ ಪುಣ್ಯಕ್ಕೂ ಅಡ್ಡ ಬರ್ತೀಯೇನೋ?" ಎಂದು ಗದರಿದ. ಕಡ್ಡಿ ಮದುವೆಮನೆಯ ಹಿರಿಯಳಿಯನಂತೆ ಸುಮ್ಮನೆ ಕೂರಬೇಕಾಯಿತು. ಅವನ ಎದೆ ಅಷ್ಟು ನೆಮ್ಮದಿಯಾಗಿ ಹಿಂದೆಂದೂ ಬಡಿದುಕೊಂಡಿರಲಿಲ್ಲ.

ಮಧ್ಯಾಹ್ನವಾದರೂ ಸಾಲು ಕರಗಲಿಲ್ಲ. ಗಾಬರಿಗೊಂಡ ಕಡ್ಡಿ ಬಾಗಿಲಿಗೆ ಓಡಿ, ಮೇಡಂ ಎದುರೇ ಕಪ್ಪೆಯಂತೆ ಕುಪ್ಪಳಿಸತೊಡಗಿದ.

"ಏನಪ್ಪಾ ಇದು?"

"ಶ್ರಮ, ಮೇಡಂ!"

"ಕೆಲಸಕ್ಕೆ ಸಂಬಂಧವಿಲ್ಲದ ಕುಣಿತ ಲೆಕ್ಕಕ್ಕೆ ಬರೋಲ್ಲ. ಒಳಗೆ ಹೋಗು."

ಸಂಜೆ ಮೇಡಂ ಎಲ್ಲರೆದುರು ಮ್ಯಾನೇಜರಿಗೆ ಫಲಿತಾಂಶ ಹೇಳಿದರು: ಬಾಯ್ಲರಿನ ಕೆಲಸ ಕುರ್ಚಿಯಲ್ಲಿ ಕೂತು ಬರೆಯುವುದಕ್ಕಿಂತ ಹಗುರ.

"ಸುಳ್ಳು ಸಾರ್! ಕಲ್ಲಿದ್ದಲು ಹಾಕಿದ್ದು ಇವರೆಲ್ಲ," ಎಂದು ಕಡ್ಡಿ ಗೋಗರೆದ.

"ಹೌದು ಸಾರ್, ನಾವೇ," ಎಂದು ಎಲ್ಲರೂ ಎದೆಯುಬ್ಬಿಸಿದರು.

ಮ್ಯಾನೇಜರ ಮುಖ ಅರಳಿತು. "ಇಷ್ಟು ಕೈಗಳು ಬಿಡುವಾಗಿರುವಾಗ ಇನ್ನೊಬ್ಬ ಯಾಕಯ್ಯಾ?"

ಕಡ್ಡಿ ತಿರುಗಿ ನೋಡಿದ. "ಅಕ್ಕಾ, ನಾಳೆಯೂ ಬರ್ತೀರಾ?"

"ನಾಳೆ ಯಾಕೋ? ರೂಢಿ ಒಂದೇ ದಿನಕ್ಕೆ."

ಎಲ್ಲರೂ ಹೊರಟುಹೋದರು. ಬಾಯ್ಲರಿನ ಹಬೆ ಇಳಿಯತೊಡಗಿತ್ತು. ಕಡ್ಡಿ ಸಲಿಕೆ ಎತ್ತಿಕೊಂಡ. ಅದರ ಹಿಡಿ ಅಜ್ಜನ ಅಂಗೈಯ ಗುರುತಿಗೆ ಸವೆದು ನುಣುಪಾಗಿತ್ತು. ಅವನ ಕಣ್ಣು ತುಂಬಿ ಬಂತು.

"ಭಗವಂತಾ, ನಮ್ಮಜ್ಜನ ಆತ್ಮಕ್ಕೆ ಶಾಂತಿ ಕೊಡು. ನಿನ್ನ ಲೋಕದಲ್ಲಿ ಬಾಯ್ಲರ್ ಇಲ್ಲದಿರಲಿ. ಇದ್ದೇ ಇದ್ದರೆ, ಅಳತೆಗಿಳತೆ ಕೇಳದೆ, ಅವರಿಗೆ ಜೊತೆಗೊಬ್ಬನನ್ನು ಕೊಡಪ್ಪಾ."