ದೊಡ್ಡವ್ವನ ಅರ್ಧ ತಾಸು

ನಮ್ಮ ದೊಡ್ಡವ್ವನಂಥ ಸೋಮಾರಿ ಇಡೀ ಬೆಳಗಾವಿಯಲ್ಲೇ ಇರಲಿಲ್ಲ! ದಿನಕ್ಕೆ ಬರೋಬ್ಬರಿ ಅರ್ಧ ತಾಸು ಸೋಮಾರಿ. ಉಳಿದ ಹೊತ್ತೆಲ್ಲ ರೊಟ್ಟಿ ಬಡಿಯುವುದು, ನೀರು ಸೇದುವುದು, ಮಗ್ಗದ ಕಂಡಿಕೆಗೆ ನೂಲು ಸುತ್ತುವುದು, ನಡುನಡುವೆ ನಮಗೆಲ್ಲ ಬೈಯುವುದು. ಆದರೆ ಗಡಿಯಾರ ನಾಲ್ಕು ಹೊಡೆಯಿತೋ, ಕೈಯಲ್ಲಿದ್ದುದನ್ನು ಅಲ್ಲಿಗೇ ಬಿಟ್ಟು, ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ, ಕಾಲು ಚಾಚಿ ಕೂತುಬಿಡುವಳು. ನಾಲ್ಕೂವರೆಯವರೆಗೆ ಸ್ವತಃ ಕಲೆಕ್ಟರ್ ಸಾಹೇಬರು ಬಂದರೂ ಏಳುವವಳಲ್ಲ.

ಅವಳು ನನ್ನ ಅವ್ವನ ಅಕ್ಕ. ಗಂಡ ತೀರಿಕೊಂಡ ಮೇಲೆ ಶಹಾಪುರದ ನಮ್ಮ ಮನೆಗೆ ಬಂದು ಉಳಿದವಳು. ಎಪ್ಪತ್ತರ ದಶಕದ ಶಹಾಪುರವೆಂದರೆ ಕೇಳಬೇಕೆ? ಓಣಿ ತುಂಬ ಮಗ್ಗಗಳ ಖಟಪಟ. ಗಂಡಹೆಂಡತಿ ಪ್ರೀತಿಯಿಂದ ಮಾತಾಡಿದರೂ ಜಗಳದಂತೆಯೇ ಕೇಳುತ್ತಿತ್ತು! ನಮ್ಮ ಮನೆಯಲ್ಲೇ ನಾಲ್ಕು ಮಗ್ಗ. ದೊಡ್ಡವ್ವ ಕಂಡಿಕೆ ಸುತ್ತಿ ಕೊಡದಿದ್ದರೆ ನಾಲ್ಕೂ ಬಂದ್.

ಮದುವೆಗಳ ಕಾಲವಾದ ಲಗ್ನಸರಾಯಿಯಲ್ಲಿ ಒಮ್ಮೆ ಅಪ್ಪ ಕೈಮುಗಿದೇ ಬಿಟ್ಟ.

"ಅಕ್ಕಾರ, ಸೀರಿ ಕೊಡೂ ದಿನ ಹತ್ರ ಬಂದೈತ್ರಿ. ಇದೊಂದು ವಾರ ಕುಂದರೂದು ಬಿಡ್ರಿ!"

"ಸೀರಿ ಅರ್ಧ ತಾಸು ತಡಾ ಆದ್ರ ಮದಿಮಗಳು ಓಡಿ ಹೋಗ್ತಾಳೇನ್ರಿ?"

ಅಪ್ಪ ಸಿಟ್ಟನ್ನೆಲ್ಲ ಮಗ್ಗದ ಮೇಲೆ ತೀರಿಸಿಕೊಂಡ. ನೂಲು ಪಟಪಟ ಹರಿಯಿತು. ಅದಕ್ಕೆ ಗಂಟು ಹಾಕಿ ಮುಗಿಸುವಷ್ಟರಲ್ಲಿ ನಾಲ್ಕೂವರೆ!

ಓಣಿಯ ಹೆಂಗಸರಿಗೆ ಇದು ಯಾವ ಜಪವೋ ಎಂಬ ಕುತೂಹಲ. "ಲಿಂಗಪೂಜಿ ಮುಂಜಾನೇನ ಮುಗದೈತಿ. ಇದು ಬರೇ ಕುಂದರೂದು. ದಿನಾ ಪೂರಾ ನಾ ಎಲ್ಲಾರಾಕಿ, ಈ ಅರ್ಧ ತಾಸು ನನ್ನಾಕಿ" ಎಂದಳು ದೊಡ್ಡವ್ವ. ಬಾಜು ಮನೆಯ ಕಾಕು ಅಷ್ಟಕ್ಕೇ ಬಿಡುವವಳೇ? ಮೊರದ ತುಂಬ ಅವರೆಕಾಯಿ ತಂದು ಮುಂದಿಟ್ಟಳು.

"ಹೆಂಗೂ ಕೈ ಖಾಲಿ ಅದಾವಲ್ಲಕ್ಕಾ, ಸುಲೀರಿ."

"ಖಾಲಿ ಇರ್ಲಿ ಅಂತನ ಇಟ್ಟೇನಿ. ನೀನೂ ಒಂದೀಟು ಇಟ್ಟು ನೋಡು."

ಕಾಕು ಮೊರ ಎತ್ತಿಕೊಂಡು ಹೋದವಳು ಎಂಟು ದಿನ ಮಾತು ಬಿಟ್ಟಳು. ದೊಡ್ಡವ್ವನಿಗೆ ಇನ್ನಷ್ಟು ಆರಾಮ.

ಇಲ್ಲಿಯವರೆಗೆ ನಾನೂ ನಗುತ್ತಿದ್ದೆ. ನನ್ನ ಲಗ್ನದ ಯಾದಿ ಬರೆಯುವ ದಿನ ನಗು ಹಾರಿಹೋಯಿತು! ಖಾನಾಪುರದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ನನ್ನ ಮನಸ್ಸಿಗೆ ಬಂದುಬಿಟ್ಟಿದ್ದ. ಇದು ತಪ್ಪಿದರೆ ಇನ್ಯಾರನ್ನೂ ಒಲ್ಲೆ ಎಂದು ಒಳಗೊಳಗೇ ಆಣೆ ಮಾಡಿಕೊಂಡಿದ್ದೆ. ಯಾರ ಕಡೆಯಿಂದ ಎಷ್ಟು ಸೀರೆ, ಯಾವ ಪಾತ್ರೆ, ಊಟ ಯಾರದು ಎಂದು ಹುಡುಗನ ಕಾಕಾ ಒಂದೊಂದಾಗಿ ಯಾದಿಗೆ ಏರಿಸುತ್ತಿದ್ದರು. ಇನ್ನು ಸಹಿಯೊಂದೇ ಬಾಕಿ. ಅಷ್ಟರಲ್ಲಿ ನಾಲ್ಕು ಹೊಡೆಯಿತು!

ದೊಡ್ಡವ್ವ ಕಂಬಕ್ಕೆ ಒರಗಿ ಕಾಲು ಚಾಚಿದಳು. ಬೀಗರ ಮುಂದೆ!

"ಇವರಿಗೆ ಆರಾಮಿಲ್ಲೇನ್ರಿ?" ಎಂದು ಕೇಳಿದರು ಕಾಕಾ.

"ಆರಾಮ ಅದೀನ್ರಿ. ನಮ್ಮ ಹುಡುಗಿಗೂ ದಿನಾ ಅರ್ಧ ತಾಸು ಹಿಂಗ ಕುಂದರಾಕ ಬಿಡಬೇಕು. ಬರಕೊಳ್ರಿ ಯಾದ್ಯಾಗ."

"ಇಂಥಾದ್ದು ಯಾರರ ಯಾದ್ಯಾಗ ಬರೀತಾರೇನ್ರಿ?"

"ಹಿತ್ತಾಳಿ ತಂಬಿಗಿ ಬರದೀರಲ್ಲ. ಇದಕ್ಕ ಜಾಗಾ ಇಲ್ಲೇನು?"

"ನಾವು ಒಲ್ಲೆ ಅಂದ್ರ?"

"ಲಗ್ನ ನಿಂದರ್ತೈತಿ."

ಅಪ್ಪ ಬೆವತುಹೋದ. ಅವ್ವ ಬಾಯಿಗೆ ಸೆರಗು ಇಟ್ಟುಕೊಂಡಳು. ಬಾಗಿಲ ಹಿಂದೆ ನಿಂತಿದ್ದ ನನಗೆ ದೊಡ್ಡವ್ವನ ಕುತ್ತಿಗೆ ಹಿಚುಕುವಷ್ಟು ಸಿಟ್ಟು! ಕಾಕಾ ಪೆನ್ನು ಮುಚ್ಚಿ ಎದ್ದೇಬಿಟ್ಟರು. ಆಗ, ಅಷ್ಟು ಹೊತ್ತೂ ತುಟಿ ಪಿಟಕ್ಕೆನ್ನದೆ ಮೂಲೆಯಲ್ಲಿ ಕೂತಿದ್ದ ಹುಡುಗನ ತಾಯಿ ತಲೆ ಎತ್ತಿದರು.

"ಬರೀರಿ" ಎಂದರು.

ಅದೊಂದೇ ಮಾತು. ಕಾಕಾ ತಿರುಗಿ ಕೂತು, ಮುಖ ಗಂಟಿಕ್ಕಿಕೊಂಡೇ ಬರೆದರು.

ಮದುವೆಯಾಯಿತು. ಖಾನಾಪುರದ ಮನೆಯಲ್ಲಿ ಹದಿನೆಂಟು ಮಂದಿ, ಮೂರು ಹೊತ್ತೂ ಒಲೆ ಆರುತ್ತಿರಲಿಲ್ಲ. ಅಷ್ಟು ಜನರೆದುರು ಕಾಲು ಚಾಚಿ ಕೂರಲು ನನಗೇ ನಾಚಿಕೆ. ಅತ್ತೆಯೇ ನನ್ನ ಕೈಯಿಂದ ಲಟ್ಟಣಿಗೆ ಕಸಿದುಕೊಂಡು ಕೂರಿಸಿದರು. ತಿಂಗಳು ಕಳೆಯುವಷ್ಟರಲ್ಲಿ ತಾವೂ ನನ್ನ ಬಾಜು ಬಂದು ಕೂತರು. ಕಾಕಾ ಚಹಾ ಕೇಳಿದರೆ "ನಾಕೂವರಿಗೆ!" ಎಂದು ಕೂತಲ್ಲಿಂದಲೇ ಹೇಳುವಷ್ಟು ಧೈರ್ಯ ಬಂದಿತ್ತು ಅತ್ತೆಗೆ.

ಒಂದು ದಿನ ನಾವಿಬ್ಬರೂ ನಾಲ್ಕೂವರೆಗೆ ಎದ್ದು ಬಾಗಿಲು ತೆರೆದರೆ, ಹೊರಗೆ ಬಿಸಿಲಲ್ಲಿ ದೊಡ್ಡವ್ವ! ಬಗಲಲ್ಲಿ ಗಂಟು, ಮುಖವೆಲ್ಲ ಬೆವರು. ಬೆಳಗಾವಿಯ ಗಾಡಿ ಇಳಿದು ನಾಲ್ಕಕ್ಕೇ ಬಂದಿದ್ದಳಂತೆ. ಕಿಟಕಿಯಿಂದ ನಮ್ಮನ್ನು ನೋಡಿ ಅಲ್ಲೇ ನಿಂತುಬಿಟ್ಟಿದ್ದಳು.

"ಒಂದು ಕೂಗು ಹಾಕಬಾರದೇನ ದೊಡ್ಡವ್ವಾ?" ಎಂದು ಗದರಿದೆ.

ಯಾರಿಗೂ ಹೆದರದ ನಮ್ಮ ದೊಡ್ಡವ್ವನ ಕಣ್ಣು ತುಂಬಿಬಂತು.

"ಹದಿನಾಕು ವರ್ಷ ಇದ್ದೆ ಗಂಡನ ಮನ್ಯಾಗ. ನಾ ಕುಂತದ್ದು ಕಂಡು ಎಬ್ಬಿಸದಂಗ ಬಿಟ್ಟಾವ್ರು ಒಬ್ಬರೂ ಇಲ್ಲ. ನಿಮ್ಮನ್ನ ನಾ ಹೆಂಗ ಎಬ್ಬಿಸ್ಲೆ?"