ನಮ್ಮ ಯಜಮಾನರನ್ನು ಪತ್ತೆ ಮಾಡಿದ ರೇಡಾರ್ ಯಂತ್ರಕ್ಕೆ

ತೊಗರ್ಸಿ ಸೀಮೆ, ೧೯೮೮

ಸೊರಬದ ಪ್ರವಾಸಿ ಬಂಗಲೆಯಲ್ಲಿ ಬಿಡಾರ ಹೂಡಿರುವ, ನೆಲದೊಳಗಿನ ಗುಟ್ಟುಗಳನ್ನೆಲ್ಲ ಬಲ್ಲ ರೇಡಾರ್ ಯಂತ್ರದವರ ಸನ್ನಿಧಾನಕ್ಕೆ ಮಹಾದೇವಮ್ಮನ ಶರಣು ಶರಣಾರ್ಥಿಗಳು.

ಮಾನ್ಯರೇ,

ನಮ್ಮ ರಸ್ತೆಯಲ್ಲಿ ಎತ್ತಿನ ಗಾಡಿ ಹತ್ತಿ ಹೋದ ಮೇಲೂ ತಮ್ಮ ತಂತಿ, ಗಾಜುಗಳೆಲ್ಲ ನೆಟ್ಟಗಿದ್ದರೆ ಅದು ತಮ್ಮ ಪುಣ್ಯ. ಬಂದಳಿಕೆಯಲ್ಲಿರುವಂಥ ಹಳೇ ಗುಡಿಯೊಂದು ನಮ್ಮ ಮಣ್ಣಿನಡಿಯೂ ಇರಬಹುದೆಂದು ಪುರಾತತ್ವ ಇಲಾಖೆಯ ಸಾಹೇಬರು ಮೊನ್ನೆ ತಮ್ಮನ್ನು ನಮ್ಮ ಹೊಲಕ್ಕೆ ಕರೆತಂದದ್ದು, ತಾವು ಕಣ್ಣಿಗೆ ಕಾಣದ ಅಲೆಗಳನ್ನು ನೆಲಕ್ಕೆ ಬಿಟ್ಟು, ತಾಗಿ ಮರಳಿದ ಅಲೆಯಿಂದಲೇ ಒಳಗಿನದನ್ನು ಅರಿತದ್ದು, ಆಹಾ, ಎಂಥ ಘನಕಾರ್ಯ! ಗಾಡಿ ಜಾರದಂತೆ ಚಕ್ರಕ್ಕೆ ಒಡ್ಡಲು ತಮ್ಮ ಆಳುಗಳು ಬದುವಿನ ಬಳಿಯ ಕಲ್ಲೊಂದನ್ನು ಕಿತ್ತುಕೊಂಡರು. ಅದು ಸಮಾಧಿಯ ಗುರುತಿನ ಕಲ್ಲು. ಮಳೆಗೆ ವಿಭೂತಿ ತೊಳೆದುಹೋಗಿ ಅವರಿಗೆ ತಿಳಿಯಲಿಲ್ಲ ಎಂದಿಟ್ಟುಕೊಳ್ಳೋಣ. ಕಲ್ಲು ಕಿತ್ತ ಜಾಗದಲ್ಲೇ ತಮ್ಮ ಮುಳ್ಳು ಕುಣಿಯಿತು.

ಬುತ್ತಿ ತಂದಿದ್ದ ನನ್ನನ್ನು ಕಂಡು ಆಳು ಉಚ್ಚಂಗಪ್ಪ, "ಅಮ್ಮಾ, ಕೆಳಗ ಗೂಡೈತ್ರೀ, ಅದ್ರಾಗ ಏನೋ ಕುಂತೈತಿ" ಎಂದು ಹಿಗ್ಗಿದ. "ಏನೋ ಅಲ್ಲಪ್ಪ, ಕುಂತಿರೋರು ನಮ್ಮನೆಯೋರು" ಎಂದೆ.

ನಮ್ಮಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ, ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ತುಂಬಿ, ಗೂಡಿನಲ್ಲಿ ಕೂರಿಸುತ್ತೇವೆ ಎಂದದ್ದನ್ನು ಸಾಹೇಬರು ತಾಳ್ಮೆಯಿಂದಲೇ ಕೇಳಿ, ಹಾಗಾದರೆ ಅವರ ಹೆಸರೇನು ಎಂದರು. ಗಂಡನ ಹೆಸರನ್ನು ನಾನು ಹೇಗೆ ಹೇಳಲಿ? ಮದುವೆಯಾದಂದಿನಿಂದ ಬಾಯಿಗೆ ತಂದವಳಲ್ಲ. ನನ್ನ ಪರವಾಗಿ ಹೇಳಬೇಕಾದವರೆಲ್ಲ ಶಿಕಾರಿಪುರದ ಸಂತೆಗೆ ಹೋಗಿದ್ದರು. ಸೆರಗು ಕಚ್ಚಿಕೊಂಡು ನಿಂತೆ. ಸಾಹೇಬರು ನಕ್ಕು, ಒಳಗಿರುವವನು ಯಾವುದೋ ಪುರಾತನ ಪಾಳೆಯಗಾರನೆಂದು ತೀರ್ಮಾನಿಸಿ, ಸೋಮವಾರ ಅಗೆಸುತ್ತೇನೆಂದು ಹೊರಟೇಬಿಟ್ಟರು. ಅದೂ ಸೋಮವಾರ! ಊರ ಹಿರಿಯರು ಬಂಗಲೆಗೆ ಹೋಗಿ ಬೇಡಿಕೊಂಡರೆ, ಹೆಂಡತಿಗೇ ಗೊತ್ತಿಲ್ಲದ ಹೆಸರನ್ನು ನೀವೆಲ್ಲಿಂದ ತಂದಿರಿ, ನಾನು ಯಂತ್ರವನ್ನು ಮಾತ್ರ ನಂಬುವವನು ಎಂದರಂತೆ. ಅದಕ್ಕೇ ನೇರವಾಗಿ ತಮಗೆ ಈ ಅರಿಕೆ.

ತಮ್ಮ ಪ್ರತಾಪವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಯಜಮಾನರು ಜಗಲಿಯ ಮೇಲೆ ಒಮ್ಮೆ ಕೂತರೆಂದರೆ ಊಟಕ್ಕೆ ಎಬ್ಬಿಸುವಷ್ಟರಲ್ಲಿ ನನ್ನ ಗಂಟಲು ಹರಿಯುತ್ತಿತ್ತು. ಅಂಥವರನ್ನು ಏಳಿಸಲು ಹೊರಟಿದ್ದೀರಿ, ಭಲೆ! ಅಷ್ಟು ಬಲ್ಲವರು ದಯಮಾಡಿ ಇನ್ನೊಂದು ಅಲೆ ಬಿಟ್ಟು, ಮಂಡಿನೋವು ಈಗ ಹೇಗಿದೆ ಎಂದು ವಿಚಾರಿಸಿ, ಎಮ್ಮೆ ಹೆಣ್ಣುಗರು ಹಾಕಿದ ಸುದ್ದಿ ತಿಳಿಸಿ, ಅವರೇನಾದರೂ ಅಂದರೆ ಅಂದದ್ದನ್ನು ಅಂದಹಾಗೆಯೇ ನನಗೆ ಹೇಳಿಕಳಿಸಬೇಕು. ಅವರ ದನಿ ಕೇಳದೆ ನನಗೆ ಬಲು ಸಂಕಟವಾಗಿದೆ ಮಾರಾಯರೇ.

ಅದಾಗದಿದ್ದರೆ ಸಾಹೇಬರಿಗೆ ಇದೊಂದನ್ನಾದರೂ ಮುಟ್ಟಿಸಿ. ಹೆಸರಿಲ್ಲವೆಂದೇ ತಾನೆ ಅಗೆಯುವುದು? ತಗೊಳ್ಳಿ, ಹೆಂಡತಿಯೇ ಹೇಳುತ್ತಿದ್ದೇನೆ, ನಾಲ್ಕು ಜನ ಓದಲಿ: ನನ್ನ ಗಂಡನ ಹೆಸರು ಸದಾಶಿವಪ್ಪ. ಅವರನ್ನು ಎಬ್ಬಿಸಬೇಡಿ.

ತಮ್ಮ ವಿಶ್ವಾಸಿ,
ಮಹಾದೇವಮ್ಮ

ಮರೆತ ಮಾತು: ಇಷ್ಟಾದ ಮೇಲೂ ಸೋಮವಾರ ಗುದ್ದಲಿ ಬರುವುದಾದರೆ ಬರಲಿ. ಅವರ ಪಕ್ಕದ ಜಾಗ ನನಗೆಂದೇ ಬಿಟ್ಟದ್ದು, ಬೆಳಗಾಗುತ್ತಲೇ ಅಲ್ಲಿ ಕೂತಿರುತ್ತೇನೆ. ನನ್ನನ್ನು ಪತ್ತೆ ಮಾಡಲು ತಾವು ಅಲೆ ಬಿಟ್ಟು ದಣಿಯಬೇಕಾಗಿಲ್ಲ. ನಾನಿನ್ನೂ ಮಣ್ಣಿನ ಮೇಲೆಯೇ ಇದ್ದೇನೆ, ಬಾಯಿಯೂ ಗಟ್ಟಿಯಾಗಿದೆ.