ಅತಿಥಿಗಳಿಗಿಂತ ಮೊದಲು ನೀರು ಹಾಕಬಾರದ ಗಿಡ

ಬಸ್ಸು ಕೆಡಬಹುದಿತ್ತು. ಮೈಕು ಊಳಿಡಬಹುದಿತ್ತು. ಮುಖ್ಯ ಅತಿಥಿ ಬರದೇ ಹೋಗಬಹುದಿತ್ತು. ಬಂದು ಮಾತು ನಿಲ್ಲಿಸದೇ ಇರಬಹುದಿತ್ತು. ಕುಂಡ ಕೈಜಾರಬಹುದಿತ್ತು, ಗಿಡವನ್ನು ಆಡು ಮೇಯಬಹುದಿತ್ತು, ಭಾಷಣದ ನಡುವೆ ನನಗೆ ಬಿಕ್ಕಳಿಕೆ ಹತ್ತಬಹುದಿತ್ತು. ವಿಜ್ಞಾನ ದಿನಾಚರಣೆಯ ಹಿಂದಿನ ವಾರವೆಲ್ಲ ನನಗೆ ಇದೇ ಜಪ. “ನಿಮ್ಮ ಚಿಂತಿಗೆ ಒಂದಿನಾ ರಜಾ ಕೊಡ್ರಿ, ಪಾಪ, ಅದಕ್ಕೂ ದಣಿವಾಗಿರತೈತಿ” ಎಂದಳು ಹೆಂಡತಿ. ಐವತ್ತು ದಾಟಿದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಬಿಪಿ. ನನಗೆ ಎರಡೂ ಬಂದಿಲ್ಲ. ಯಾಕೆ ಬಂದಿಲ್ಲ ಎಂಬ ಚಿಂತೆ ಬಂದಿದೆ.

ನಾನು ಸುರಪುರದಿಂದ ದಿನಾಲೂ ಬಸ್ಸಿನಲ್ಲಿ ಶಹಾಪುರಕ್ಕೆ ಹೋಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನು. ನನ್ನ ಪ್ರೀತಿ ಜರಿಗಿಡಗಳ ಮೇಲೆ. ಹೂವಿಲ್ಲ, ಬೀಜವಿಲ್ಲ, ಎಲೆಯ ಬೆನ್ನಿಗೆ ಧೂಳಿನಂಥ ಬೀಜಕಗಳನ್ನು ಕಟ್ಟಿಕೊಂಡು ಗಾಳಿಗೆ ತೂರಿಬಿಡುವ ಕುಲ. ಮೂವತ್ತೈದು ಕೋಟಿ ವರ್ಷಕ್ಕೂ ಹಿಂದಿನದು. ಡೈನೋಸಾರ್‌ಗಳು ಬಂದದ್ದನ್ನೂ ಹೋದದ್ದನ್ನೂ ನೋಡಿದೆ. ಹೂಬಿಡುವ ಗಿಡಗಳು ಬಂದು ಒಳ್ಳೊಳ್ಳೆಯ ಜಾಗವನ್ನೆಲ್ಲ ಹಿಡಿದಾಗ ಧರಣಿ ಕೂರದೆ ಅವುಗಳ ನೆರಳಿನಲ್ಲೇ ಹೊಸ ಕವಲೊಡೆದು ಬಾಳಿತು. ಬಡ್ತಿ ಸಿಗದ ಉಪನ್ಯಾಸಕನಿಗೆ ಇಂಥ ಗಿಡ ಹಿಡಿಸದೆ ಇನ್ನೇನು ಹಿಡಿಸೀತು? ಆದರೆ ನಮ್ಮ ಬಿಸಿಲಿನಲ್ಲಿ ಜರಿಗಿಡ ಕಲಿಸುವುದೆಂದರೆ ಒಣಗಿದ ಹಳ್ಳದಲ್ಲಿ ಈಜು ಕಲಿಸಿದಂತೆ. ಮಕ್ಕಳು ಪುಸ್ತಕದ ಚಿತ್ರ ನೋಡಿಯೇ ಪಾಸಾಗಿ ಹೋಗುತ್ತಾರೆ.

ಪುಣ್ಯಕ್ಕೆ ವನದುರ್ಗದ ಕಡೆ ಕಲ್ಲಿನ ಬಿರುಕುಗಳಲ್ಲಿ ನವಿಲುಶಿಖೆ ಎಂಬ ಪುಟ್ಟ ಜರಿಗಿಡ ಸಿಗುತ್ತದೆ. ಅದರ ಬಳಗ ಆಫ್ರಿಕಾ, ಅರಬಸ್ತಾನ, ಇರಾನಿನವರೆಗೂ ಹಬ್ಬಿದೆ. ಬಿಸಿಲಿಗೆ ಮುದುಡಿ ಸತ್ತಂತೆ ಬಿದ್ದಿರುತ್ತದೆ. ನೀರು ತಾಗಿದರೆ ಕೆಲವು ತಾಸಿನಲ್ಲಿ ನವಿಲುಗರಿಯಂತೆ ಬಿಚ್ಚಿಕೊಳ್ಳುತ್ತದೆ. ಅದು ಮಕ್ಕಳ ಕಣ್ಣೆದುರು ಬಿಚ್ಚಿಕೊಳ್ಳಬೇಕು, ಅವರು ಬೆರಗಾಗುವುದನ್ನು ನಾನು ಒಮ್ಮೆಯಾದರೂ ನೋಡಬೇಕು. ಆಸೆ ಇಷ್ಟೇ.

ದಿನಾಚರಣೆಯಂದು ಬೆಳಿಗ್ಗೆಯೇ ನೀರು ಹಾಕಿದರೆ ನನ್ನ ಭಾಷಣದ ಹೊತ್ತಿಗೆ ಸರಿಹೋಗುತ್ತದೆಂದು ಲೆಕ್ಕಹಾಕಿ, ನವಿಲುಶಿಖೆಯ ಕುಂಡವನ್ನು ವೇದಿಕೆಯ ಮೇಲಿಟ್ಟು ಚೊಂಬು ಎತ್ತಿದೆ. ಪ್ರಾಚಾರ್ಯರು ಓಡಿಬಂದು ಕೈ ಹಿಡಿದರು.

“ಏನ್ ಮಾಡಾಕತ್ತೀರಿ ಸರ? ಸಸಿಗೆ ನೀರು ಹಾಕಿ ಉದ್ಘಾಟನಿ ಮಾಡೋರು ಸಾಹೇಬ್ರು. ಬ್ಯಾರೆ ಸಸಿ ತಂದಿಲ್ಲ, ಇದೇ ನಮ್ಮ ಸಸಿ. ನೀವೇ ಹಾಕಿಬಿಟ್ರ ಉದ್ಘಾಟನಿ ನೀವೇ ಮಾಡಿಧಂಗಾತಲ್ರಿ!”

“ಇದು ಬಿಚ್ಚಾಕ ನಾಕೈದು ತಾಸು ಬೇಕ್ರಿ ಸರ.”

“ಸಾಹೇಬ್ರು ಈಗ ಬಂದ್ರು ಅನ್ರಿ. ಯಾದಗಿರಿ ಬಿಟ್ಟಾರ.”

ಮುಖ್ಯ ಅತಿಥಿಯಾದ ಆ ಸಾಹೇಬರು ಯಾದಗಿರಿ ಬಿಟ್ಟು ಶಹಾಪುರ ಮುಟ್ಟುವುದರೊಳಗೆ ಒಂದು ಬೀಜಕ ಆಫ್ರಿಕಾ ಬಿಟ್ಟು, ಅರಬಸ್ತಾನ ದಾಟಿ, ವನದುರ್ಗದಲ್ಲಿ ಸಂಸಾರ ಹೂಡಬಹುದಿತ್ತು. ಬಂದಾಗ ಮಧ್ಯಾಹ್ನ. ನೀರು ಹಾಕಿದರು. ಫೋಟೊ ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ಹಾಕಿದರು. ವೇದಿಕೆಯ ಮೇಲಿದ್ದವರೆಲ್ಲ ಹಿರಿತನದ ಪ್ರಕಾರ ಹಾಕಿದರು. ಆಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಲು ಹೊದಿಸಿದವರಿಗೂ ಶಾಲು. ನನಗೆ ಉಳಿದದ್ದು ಊಟದ ವಾಸನೆ ಬರುತ್ತಿದ್ದ ಹತ್ತು ನಿಮಿಷ. ಕೋಟ್ಯಂತರ ವರ್ಷಗಳನ್ನು ಅಷ್ಟರಲ್ಲೇ ಓಡಿಸಿ, ಒಂದೆರಡು ಎಲೆಯಾದರೂ ಬಿಚ್ಚಿರಲಿ ಎಂಬ ಆಸೆಯಲ್ಲಿ “ಈಗ ನೋಡಿ!” ಎಂದು ಕುಂಡ ಎತ್ತಿ ಹಿಡಿದೆ. ಗಿಡ ಮುದುಡಿಕೊಂಡೇ ಇತ್ತು.

“ಸರ, ಅದು ಸತ್ತೈತ್ರಿ” ಎಂದಳು ಮುಂದಿನ ಸಾಲಿನ ಹುಡುಗಿ, ಸತ್ತವರ ಮಣ್ಣಿಗೆ ಬಂದವರ ದನಿಯಲ್ಲಿ.

“ಭಾಷಣಾ ಕೇಳಿ ಸತ್ತಿರಬೇಕಲೇ!” ಎಂದಿತು ಹಿಂದಿನ ಸಾಲು. ಸಾಹೇಬರೂ ನಕ್ಕರು.

ತಲೆನೋವೆಂದು ಸುಳ್ಳು ಹೇಳಿ, ಕುಂಡವನ್ನು ಅಲ್ಲೇ ಬಿಟ್ಟು, ಊಟಕ್ಕೂ ನಿಲ್ಲದೆ ಸುರಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಗಿಡ ನಿಜಕ್ಕೂ ಸತ್ತಿದ್ದರೆ? ಅದು ನವಿಲುಶಿಖೆಯೇ ಅಲ್ಲದಿದ್ದರೆ? ನಾನು ಸಸ್ಯಶಾಸ್ತ್ರದವನೇ ಅಲ್ಲದಿದ್ದರೆ? ಮನೆಯ ಮುಂದೆ ಚಪ್ಪಲಿ ಬಿಡುವಾಗ ಪ್ರಾಚಾರ್ಯರ ಫೋನು ಬಂತು.

“ಎಲ್ಲಿ ಹೋಗೀರಿ ಸರ? ನಿಮ್ಮ ಗಿಡ ಬಿಚ್ಚಾಕತ್ತೈತ್ರಿ! ಸಾಹೇಬ್ರು ಹೋಗಿ ಎಷ್ಟ್ ಹೊತ್ತಾತು, ಹುಡುಗ್ರು ಒಬ್ರೂ ಮನಿಗೆ ಹೋಗವಲ್ರು. ಕುಂಡದ ಸುತ್ತ ಕುಂತಬಿಟ್ಟಾರ. ‘ಯಾಕ ಹಿಂಗ ಆಕೈತ್ರಿ’ ಅಂತ ನನ್ನ ಕೇಳಾಕತ್ತಾರ. ನಾ ಇತಿಹಾಸದಾಂವ, ಏನ್ ಹೇಳ್ಲಿ?”

ನನ್ನ ಇಷ್ಟು ವರ್ಷದ ಮಾಸ್ತರಿಕೆಯಲ್ಲಿ, ಪಾಠ ಮುಗಿದ ಮೇಲೂ ಮಕ್ಕಳು ಎದ್ದುಹೋಗದೆ ಕೂತದ್ದು ಅದೊಂದೇ ಸಲ. ಅಂದು ಎದ್ದುಹೋದವನು ನಾನೊಬ್ಬನೇ.